ತಮ್ಮನ ರೇಡಿಯೊ ಮಾತನ್ನು ಹಿಡಿದಿಟ್ಟ ಸೆಲೀನಾ

ಸೆಲೀನಾ ಪಾರ್ಡಿ ನಮ್ಮ ಪಕ್ಕದ ಮನೆಯಾಕೆ. ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕಡಲೂರಿನಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನ ತುಂಟರನ್ನು ಒಂದೇ ಕೂಗಿಗೆ ಕೂರಿಸುತ್ತಿದ್ದ ಆ ಗಂಟಲಿಗೆ ಬಗ್ಗದವನೆಂದರೆ ಅವಳ ತಮ್ಮ ಹೆಡ್ಲಿ ಮಾತ್ರ. ಅವನು ಪ್ರತಿ ಶನಿವಾರ ಬೆಳಿಗ್ಗೆ ಊರಿನ ಪುಟ್ಟ ರೇಡಿಯೊದಲ್ಲಿ ಹಳೆಯ ಕಥೆಗಳನ್ನು ಹೇಳುತ್ತಿದ್ದ. ಇಂಟರ್ನೆಟ್ಟಿನಲ್ಲಿ ಅದು ಆ ಹೊತ್ತಿಗಷ್ಟೇ ಕೇಳುತ್ತಿತ್ತು, ಆಮೇಲೆ ಹುಡುಕಿದರೂ ಸಿಗುತ್ತಿರಲಿಲ್ಲ.

ಒಂದು ಶನಿವಾರ ಹೆಡ್ಲಿ ರೇಡಿಯೊದಲ್ಲಿ, ಹಿಂದೊಮ್ಮೆ ದೋಣಿಯನ್ನೇ ಓಲಾಡಿಸಿದ ಕಾಡ್ ಎಂಬ ಭಾರೀ ಕಡಲಮೀನನ್ನು ತಾನೇ ಹಿಡಿದೆನೆಂದ. ನಿಜಕ್ಕೂ ಹಿಡಿದವಳು ಸೆಲೀನಾ. ಅವಳು ದಬಾಯಿಸಿದರೆ, "ನಾನೆಲ್ಲಿ ಹಂಗಂದೆ ಅಕ್ಕಾ? ನಿನ್ ಕಿವಿ ಡಾಕ್ಟ್ರಿಗೆ ತೋರಿಸ್ಕೋ" ಎಂದುಬಿಟ್ಟ.

ಅವಳು ನೇರ ನಮ್ಮನೆಗೆ ಬಂದಳು. "ಕಂಪ್ಯೂಟರಲ್ಲಿ ಬರೋ ಮಾತನ್ನ ಹಿಡಿದಿಡೋಕಾಗುತ್ತೇನೋ?"

"ಆಗುತ್ತೆ ಸೆಲೀನಕ್ಕ. ಮಾತು ಚೂರುಚೂರಾಗಿ ಬರುತ್ತೆ, ಕಂಪ್ಯೂಟರ್ ಅದನ್ನ ಜೋಡಿಸಿ ಕೇಳಿಸುತ್ತೆ, ಕೇಳಿಸಿದ್ಮೇಲೆ ಬಿಸಾಕುತ್ತೆ. ಬಿಸಾಕೋಕೆ ಮುಂಚೆ ಉಳಿಸ್ಕೊಳ್ಳೋ ಪ್ರೋಗ್ರಾಂ ಇದೆ."

ಅವಳ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟೆ. ಮುಂದಿನ ಶನಿವಾರ ಕೇಳುಗರ ಒತ್ತಾಯಕ್ಕೆ ಹೆಡ್ಲಿ ಮತ್ತೆ ಅದೇ ಮೀನನ್ನು ಹಿಡಿದ. ಸೆಲೀನಾ ಕೆಂಪು ಗುಂಡಿ ಒತ್ತಿದಳು. ಮಧ್ಯಾಹ್ನ ನಾನೂ ಅವಳೂ ಅವಳ ಅಡುಗೆಮನೆಯಲ್ಲಿ ಕೂತು ಕೇಳಿದರೆ, ಹೆಡ್ಲಿಯ ದನಿ ಎಲ್ಲೋ ಬಾವಿಯಾಳದಿಂದ ಬಂದಂತಿತ್ತು. ಅದರ ಮೇಲೆ ಚಹದ ಕೆಟಲ್ಲಿನ ಸಿಳ್ಳೆ. ಅದರ ಮೇಲೆ ಸೆಲೀನಾ: "ಸುಳ್ಳಾ! ಗಾಳ ನಂದು ಕಣೋ! ನೀನು ವಾಂತಿ ಮಾಡ್ಕೊಂಡು ಬಲೆ ಮೇಲೆ ಬಿದ್ದಿದ್ದೆ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇದು ಮೈಕಿಂದ ಬರ್ಕೊಂಡಿದೆ ಅಕ್ಕ, ಅದಕ್ಕೇ ಅಡುಗೆಮನೇಲಿ ಆಗಿದ್ದೆಲ್ಲ ಸೇರಿದೆ. ಕಂಪ್ಯೂಟರಿನ ಒಳಗಿನ ಸದ್ದನ್ನೇ ತಗೋ ಅಂತ ಸೆಟ್ಟಿಂಗ್ ಬದಲಾಯಿಸ್ಬೇಕಿತ್ತು."

"ಹಲ್ಲು ಕಿಸೀಬೇಡ, ಮೊದ್ಲು ಅಳಿಸಾಕು!"

ಅಷ್ಟರಲ್ಲಿ ಹೆಡ್ಲಿಯೇ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ, ಪೂರ್ತಿ ಕೇಳಿಸಿಕೊಂಡಿದ್ದ. ಮುಖ ಕೆಂಪಾಯಿತು. ಆಮೇಲೆ ಉಸಿರು ಕಟ್ಟುವಷ್ಟು ನಗತೊಡಗಿದ. "ಅಕ್ಕಾ, ನನ್ ಕಥೆಗಿಂತ ನಿನ್ ಬೈಗುಳಾನೇ ಚೆನ್ನಾಗಿದೆ. ರೇಡಿಯೊಗೆ ಕೊಡ್ಲಾ?"

"ಕೊಡು! ಊರಿಗೆಲ್ಲ ಗೊತ್ತಾಗ್ಲಿ, ನೀನು ಎಂಥಾ ಬೆಸ್ತ ಅಂತ."

ಅದು ಪ್ರಸಾರವಾದ ಮೇಲೆ ರೇಡಿಯೊದವರ ಫೋನು ಸುಮ್ಮನಾಗಲೇ ಇಲ್ಲ. ಸೆಲೀನಾಳನ್ನೂ ಕರೆಸಿ ತಮ್ಮನ ಎದುರು ಕೂರಿಸಿದರು. ಆ ದಿನ ನಾನು ಸೆಟ್ಟಿಂಗ್ ಸರಿಮಾಡಿ ಕಾರ್ಯಕ್ರಮವನ್ನು ಉಳಿಸಿಕೊಂಡೆ. ಸದ್ದು ಸ್ವಚ್ಛವಾಗಿದೆ. ಆದರೆ ಮೀನಿನ ತೂಕದ ಜಗಳದಲ್ಲಿ ಅದರ ಬೆನ್ನಿಗೆ ಬರುವ ಹವಾಮಾನ ವರದಿಯ ಹೊತ್ತೂ ಮುಳುಗಿಹೋಗಿ, ಅದನ್ನು ಕೇಳಿಯೇ ಕಡಲಿಗಿಳಿಯುವ ದೋಣಿಯವರು ಹೊರಗೆ ಬಂದು ತಾವೇ ಆಕಾಶ ನೋಡಬೇಕಾಯಿತು.