ಕಮ್ಮಿ ಅಂಕದ ಹೆಡ್‌ಮಾಸ್ಟರು

ಸರದಿ ಎಂಬುದು ನಾಗರಿಕತೆಯ ಬುನಾದಿ. ತನ್ನ ಸರದಿಗಾಗಿ ಕಾಯಲು ಕಲಿತ ದಿನವೇ ಮನುಷ್ಯ ಮೃಗಗಳಿಂದ ಬೇರೆಯಾದದ್ದು. ನಮ್ಮ ಚಾಮರಾಜಪೇಟೆಯ ಹಾಲಿನ ಬೂತಿನ ಮುಂದೆ ಕಾಯುತ್ತಿದ್ದುದು ಮಾತ್ರ ಮನುಷ್ಯರಲ್ಲ, ಚೀಲಗಳು. ಬೆಳಿಗ್ಗೆ ಚೀಲ ಇಟ್ಟು, ಮನೆಗೆ ಹೋಗಿ ಪೇಪರ್ ಓದಿ ಬಂದರೂ ಜಾಗ ಹೋಗುತ್ತಿರಲಿಲ್ಲ. ಯಾರ ಚೀಲ ಮೊದಲೋ ಅವರಿಗೆ ಹಾಲು ಮೊದಲು.

ಇದೇ ಶಾಸ್ತ್ರವನ್ನು ನಂಬಿಕೊಂಡು ನಾವು ನನ್ನ ಅಣ್ಣನ ಹೆಸರನ್ನು ಲಿವರ್ ಕಸಿಯ ಪಟ್ಟಿಯಲ್ಲಿ ಬರೆಸಿದೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಣ್ಣ ಆಗಷ್ಟೇ ನಿವೃತ್ತನಾದ ಹೈಸ್ಕೂಲು ಹೆಡ್‌ಮಾಸ್ಟರು. ಕಾಫಿ ಬಿಟ್ಟು ಬೇರೇನನ್ನೂ ಕುಡಿದವನಲ್ಲ. ಹಳೆಯ ಕಾಮಾಲೆಯೊಂದು ಒಳಗೇ ಉಳಿದು ಲಿವರನ್ನು ತಿಂದುಹಾಕಿತ್ತು. ಬೀದಿಯವರು ಇದನ್ನು ಕೇಳಿ, ನಂಬಿದ ಹಾಗೆ ತಲೆಯಾಡಿಸುತ್ತಿದ್ದರು. ಹೊಸ ಲಿವರ್ ಸಿಗದಿದ್ದರೆ ಎರಡು ವರ್ಷ ತಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಊರಿನಲ್ಲಿ ಆ ಆಪರೇಷನ್ ಮಾಡುವ ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ಮೆದುಳು ಸತ್ತ ರೋಗಿಯ ಮನೆಯವರು ದಾನಕ್ಕೆ ಒಪ್ಪಿದರೆ, ಆ ರೋಗಿ ಇದ್ದ ಆಸ್ಪತ್ರೆಗೇ ಲಿವರ್ ಮೊದಲು. ಅಲ್ಲಿ ಹೊಂದುವವರಿಲ್ಲದಿದ್ದರೆ ಉಳಿದ ಆಸ್ಪತ್ರೆಗಳಿಗೆ ಸರದಿಯ ಮೇಲೆ. ದೊಡ್ಡ ಆಸ್ಪತ್ರೆಯ ಪಟ್ಟಿ ಉದ್ದವಿತ್ತು. ಮನೆಗೆ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಕರೆಂಟ್ ಬಿಲ್ ಕಟ್ಟುವಾಗಲೂ ಸಣ್ಣ ಸಾಲು ಹುಡುಕುವ ನಾನು ಸಣ್ಣದನ್ನೇ ಆರಿಸಿದೆ. ಅಲ್ಲಿ ಅಪಘಾತದ ವಾರ್ಡೇ ಇಲ್ಲ, ಆದ್ದರಿಂದ ದಾನಿಗಳೂ ಇಲ್ಲ, ಬೇರೆಯವರು ಬಿಟ್ಟದ್ದು ಬಂದರೆ ಉಂಟು ಎಂಬುದು ಆಮೇಲೆ ಹೊಳೆಯಿತು.

ಅಣ್ಣನ ಹಿಂದೆ ಎರಡನೆಯವರಾಗಿ ಕಾಟನ್‌ಪೇಟೆಯ ಬೇಳೆ ವ್ಯಾಪಾರಿಯೊಬ್ಬರು ಸೇರಿದರು. ರಕ್ತದ ಗುಂಪೂ ಒಂದೇ. "ಎರಡನೆಯವರು ಪಾಪ," ಎಂದು ಅತ್ತಿಗೆ ಮರುಗಿದರು.

ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸಿ, ಕಾಯಿಲೆಯ ತೀವ್ರತೆಗೆ ನಲವತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದರು. ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಅಂಕ ಇಳಿಸಲು ಅಣ್ಣ ಪಣ ತೊಟ್ಟ. ಮಾತ್ರೆಗಳಿಗೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ. ಅತ್ತಿಗೆ ಉಪ್ಪಿಲ್ಲದ ಸಾರು ಮಾಡಿದರು. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಇಪ್ಪತ್ತೆರಡಿದ್ದ ಅಂಕ ಹದಿನಾರಕ್ಕೆ ಬಂದ ದಿನ ಮನೆಯಲ್ಲಿ ಸಕ್ಕರೆ ಹಂಚಿದೆವು.

ಹನ್ನೊಂದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. ಆಸ್ಪತ್ರೆಯ ಸರದಿ ಬಂದಿದೆ, ತಕ್ಷಣ ಬನ್ನಿ. ಹೋದರೆ ಬೇಳೆ ವ್ಯಾಪಾರಿಯೂ ಅಲ್ಲಿದ್ದರು. ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಸಂಜೆ ಒಳಗೆ ಕರೆದೊಯ್ದದ್ದು ವ್ಯಾಪಾರಿಯನ್ನು. ಹೋಗುವಾಗ ಅವರು ಅಣ್ಣನಿಗೆ ಕೈಮುಗಿದರು.

ಪಟ್ಟಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳ ಮೇಜಿನ ಮುಂದೆ ಅಣ್ಣ ನಿಂತ.

"ಏನಮ್ಮಾ, ಮೊದಲು ಹೆಸರು ಬರೆಸಿದ್ದು ನಾನಲ್ವಾ?"

"ಹೌದು ಸರ್. ಆದ್ರೆ ಆಸ್ಪತ್ರೆ ಒಳಗೆ ಯಾರಿಗೆ ಜಾಸ್ತಿ ಅರ್ಜೆಂಟೋ ಅವರಿಗೆ ಮೊದಲು. ಅವರದು ಇಪ್ಪತ್ತೇಳು, ನಿಮ್ಮದು ಹದಿನಾರು."

"ಹನ್ನೆರಡು ವರ್ಷ ಹೆಡ್‌ಮಾಸ್ಟರಾಗಿದ್ದೆ. ಓದಿದೋನಿಗೆ ಕೊನೇ ಸೀಟು ಅನ್ನೋ ಸ್ಕೂಲು ಇದೇ ಮೊದಲು ನೋಡ್ತಿರೋದು."

"ನೀವು ಚೆನ್ನಾಗಿ ನೋಡ್ಕೊಂಡಿದೀರ ಸರ್, ಅದಕ್ಕೇ ಕಾಯೋ ಶಕ್ತಿ ಇದೆ."

ಅತ್ತಿಗೆ ನಡುವೆ ಬಾಯಿ ಹಾಕಿದರು. "ಹಾಗಾದ್ರೆ ನಾಳೆಯಿಂದ ಇವರಿಗೆ ಉಪ್ಪಿನಕಾಯಿ ಬಡಿಸ್ಲೇನಮ್ಮಾ?"

"ಬೇಡ ಆಂಟಿ. ಈಗ ನಮ್ಮ ಆಸ್ಪತ್ರೆ ಸರದಿ ಒಂದು ಸುತ್ತು ತಿರುಗಿ ಬರ್ಬೇಕು. ಅಲ್ಲೀವರೆಗೂ ಅವರು ಇರ್ಬೇಕಲ್ಲ."

ಆಟೋದಲ್ಲಿ ಮನೆಗೆ ಬಂದು ಅಣ್ಣ ರಾತ್ರಿಯ ಮಾತ್ರೆಯನ್ನು ಟೈಮ್‌ಟೇಬಲ್ ಪ್ರಕಾರವೇ ನುಂಗಿದ.

ಜಾಡಿ ಅಟ್ಟದಿಂದ ಇಳಿಯಲಿಲ್ಲ. ಆದರೂ ಅಂಕ ತಾನಾಗಿ ಏರತೊಡಗಿತು. ಇದಕ್ಕೆ ಸಕ್ಕರೆ ಹಂಚಬೇಕೋ ಬೇಡವೋ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಎಂಟು ತಿಂಗಳ ನಂತರ ಆಸ್ಪತ್ರೆಯ ಸರದಿ ಮತ್ತೆ ಬಂತು. ಅಂದು ಅಣ್ಣನ ಅಂಕ ಇಪ್ಪತ್ತೊಂಬತ್ತು. ಲಿವರನ್ನು ಅವನಿಗೆ ಹಾಕಿದರು.