ಮುಹೂರ್ತಕ್ಕೆ ಸ್ಟಾರ್ಟ್ ಆಗದ ನಾಲ್ಕು ಗಾಲಿ

ಮುಂಬಯಿಯ ಸಾಯನ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಸ್ಕೂಟರು, ಬೈಕು ರಿಪೇರಿ ಮಾಡಿಕೊಂಡು ಬಂದವನು ನಾನು. ವಿಜಯಪುರದ ಕಡೆಯಿಂದ ಬಂದ ನಮ್ಮ ಬಳಗದಲ್ಲಿ ಫ್ಯಾನು ನಿಂತರೂ ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಅಕ್ಕನ ಮಗಳು ತನ್ನ ಮದುವೆಗೆ ಸಮುದ್ರದ ಮರಳಲ್ಲಿ ಓಡಿಸುವ ನಾಲ್ಕು ಗಾಲಿಯ ಬೈಕು ಹತ್ತಿಕೊಂಡು ಬರುತ್ತೇನೆ ಎಂದಾಗ, ಅದರ ಜವಾಬ್ದಾರಿ ಯಾರದೆಂದು ಯಾರೂ ಕೇಳಲಿಲ್ಲ.

ಅಕ್ಕ ಮಾತ್ರ ಒಪ್ಪಿರಲಿಲ್ಲ. "ಮದುಮಗಳು ಅಂದ್ರ ತಲಿ ತೆಗ್ಗಿಸಿ ನಡ್ಕೊಂಡ್ ಬರಬೇಕು. ಇದೇನ್ ದರೋಡಿಗೆ ಹೊಂಟ್ಹಂಗ ಗಾಡಿ ಮ್ಯಾಲ?"

"ಅಮ್ಮಾ, ಸಬ್ ಮಾಡ್ತಾರ ಈಗ," ಎಂದಳು ಹುಡುಗಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳ ಕನ್ನಡ ಹಾಗೆಯೇ. "ಏನೂ ಆಗಂಗಿಲ್ಲ. ಮಾಮಾ ಇದಾನಲ್ಲ."

ಆ ಮಾತಿಗೆ ಉಬ್ಬಿಹೋದೆ. ಅಂಥ ಗಾಡಿಯನ್ನು ಅಲ್ಲಿಯವರೆಗೆ ಮುಟ್ಟಿಯೂ ನೋಡಿರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಮದುವೆ ಮಾಟುಂಗದ ಒಂದು ಕಲ್ಯಾಣ ಮಂಟಪದಲ್ಲಿ. ಬೀಗರು ಉಡುಪಿ ಕಡೆಯವರು, ಅಲ್ಲೇ ಹತ್ತಿರದಲ್ಲಿ ಹೊಟೇಲು ನಡೆಸುವವರು. ಬೆಳಿಗ್ಗೆ ಎಂಟಕ್ಕೆ ಗೋರಾಯಿ ಬೀಚಿನಿಂದ ಟೆಂಪೋದಲ್ಲಿ ಗಾಡಿ ಬಂತು. ಟೆಂಪೋದವನು ಇಳಿಸಿ ಹೋಗುವಾಗ ಚೆನ್ನಾಗಿಯೇ ಓಡಿತು. ಡೆಕೊರೇಷನ್ನಿನವನು ಒಂದು ಗಂಟೆ ಕೂತು ಅದಕ್ಕೆ ಚೆಂಡುಹೂವು, ಗುಲಾಬಿ ಎಲ್ಲ ಸುತ್ತಿದ. ಕೊನೆಗೆ ಹ್ಯಾಂಡಲ್ಲು ಮತ್ತು ಸೀಟು ಬಿಟ್ಟರೆ ಗಾಡಿಯ ಗುರುತೇ ಸಿಗಲಿಲ್ಲ. ಗೇಟಿನಿಂದ ಮಂಟಪದ ಬಾಗಿಲಿಗೆ ಅರವತ್ತು ಹೆಜ್ಜೆ. ಹುಡುಗಿ ಓಡಿಸಬೇಕು, ಹುಡುಗ ಹಿಂದೆ ಕೂರಬೇಕು, ಬ್ಯಾಂಡಿನವರು ಬಾಗಿಲಲ್ಲಿ ನಿಂತು ಬಾರಿಸಬೇಕು.

ಮದುಮಕ್ಕಳಿಬ್ಬರೂ ಬಂದು ನಿಂತ ಮೇಲೆ, ಒಮ್ಮೆ ನೋಡಿಕೊಡೋಣವೆಂದು ನಾನು ಸ್ಟಾರ್ಟರ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಇಂಜಿನ್ ಬಂದ್ ಮಾಡುವ ಕೆಂಪು ಗುಂಡಿ ಸರಿಯಾಗಿಯೇ ಇತ್ತು. ಸುತ್ತ ಐವತ್ತು ಜನ.

"ಬ್ಯಾಟರಿ ಸತ್ತೈತಿ," ಎಂದು ಗಂಭೀರವಾಗಿ ಸಾರಿದೆ. ರೇಷ್ಮೆ ಅಂಗಿಯ ತೋಳು ಮಡಿಚಿ ಹೂ ಕಿತ್ತು, ಸೀಟು ಎತ್ತಿದೆ. ಯಾರದೋ ಕಾರಿನ ಬ್ಯಾಟರಿಯಿಂದ ತಂತಿ ಎಳೆಯಲು ಇಬ್ಬರನ್ನು ಓಡಿಸಿದೆ. ಅಷ್ಟರಲ್ಲಿ ಮದುಮಗಳು ಬಳೆ ಸರಿಸಿಕೊಂಡು ಬಂದು ಬ್ರೇಕು ಹಿಡಿದು ಗುಂಡಿ ಒತ್ತಿದಳು. ಸ್ಟಾರ್ಟರು ಗಿರ್ರೆಂದು ತಿರುಗಿತು.

"ಮಾಮಾ, ಬ್ರೇಕ್ ದಬಾಯಿಸಿ ಸ್ಟಾರ್ಟ್ ಮಾಡೋದು ಇರ್ತದ," ಎಂದು ಮೆಲ್ಲಗೆ ಹೇಳಿದಳು.

ಐವತ್ತು ಜನಕ್ಕೂ ಕೇಳಿಸಿತು. ದಿನಾ ಸ್ಕೂಟರನ್ನು ಹಾಗೆಯೇ ಸ್ಟಾರ್ಟ್ ಮಾಡುವ ನಾನು ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದೆ.

ಆದರೆ ಸ್ಟಾರ್ಟರು ತಿರುಗಿದರೂ ಇಂಜಿನ್ನು ಹತ್ತಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು. ನನ್ನ ಸ್ಕೂಟರಿನ ಡಿಕ್ಕಿಯಿಂದ ನಟ್ಟು ಬಿಚ್ಚುವ ಪಾನಾ ತರಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಪೆಟ್ರೋಲಿನಲ್ಲಿ ತೊಯ್ದಿತ್ತು. ಧೋತರದ ಚುಂಗಿನಿಂದ ಒರೆಸಿ, ಪೂಜೆಯ ತಟ್ಟೆಯಲ್ಲಿದ್ದ ಬೆಂಕಿಪೊಟ್ಟಣದ ಬದಿಗೆ ತಿಕ್ಕಿ, ಮತ್ತೆ ಹಾಕಿ ಗುಂಡಿ ಒತ್ತಿದೆ. ಇಂಜಿನ್ನು ಮುದುಕನಂತೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲಿದೆ, ಬೆಂಕಿಯಿದೆ, ಮತ್ತೇನು ಬೇಕು ಇದಕ್ಕೆ?

ಮದುಮಗನ ಅಪ್ಪ, ನಮ್ಮ ಬೀಗರು, ಮುಂದೆ ಬಂದರು. "ಒಮ್ಮೆ ವಾಲಿಸಿ ನೋಡುವನಾ ಮಾರಾಯ್ರೆ? ನನ್ನ ಹಳೆ ಸ್ಕೂಟರು ಹಾಗೆಯೇ ಶುರು ಆಗುವುದು."

"ಅದಕ್ಕ ಎರಡು ಗಾಲಿ ರೀ," ಎಂದೆ.

"ನಾಲ್ಕು ಗಾಲಿಯಾದರೆ ಸ್ವಲ್ಪ ಜಾಸ್ತಿ ಜನ ಬೇಕು, ಅಷ್ಟೇ ಅಲ್ಲವಾ?"

ಎಂಟು ಜನ ಸೇರಿ ವಾಲಿಸಿದರು. ನಾಲ್ಕು ಹನಿ ಪೆಟ್ರೋಲು ಬೀಗರ ಬಿಳಿ ಪಂಚೆಯ ಮೇಲೆ ಬಿತ್ತು. ಗಾಡಿ ಕೆಮ್ಮಲೂ ಇಲ್ಲ.

ಅಷ್ಟರಲ್ಲಿ ಒಳಗಿನಿಂದ ಪುರೋಹಿತರ ಕೂಗು: "ಮುಹೂರ್ತ ಮೀರ್ತದೆ, ನಡೆದೇ ಬನ್ನಿ!" ಮದುಮಗಳು ನನ್ನತ್ತ ಒಮ್ಮೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಸೆರಗು ಸರಿಮಾಡಿಕೊಂಡು ನಡೆದುಬಿಟ್ಟಳು. ಮದುಮಗ, ಜನರೆಲ್ಲ ಅವಳ ಹಿಂದೆ ಹೋದರು.

ಕೈಗೆಲ್ಲ ಎಣ್ಣೆ ಬಡಿದುಕೊಂಡು ನಾನೊಬ್ಬನೇ ಉಳಿದೆ. ಗ್ಯಾರೇಜಿನಲ್ಲಿ ಏನೂ ತೋಚದಿದ್ದಾಗ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಗಾಡಿ ಉಸಿರಾಡುತ್ತಿದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಸೀಟಿನ ಮೇಲೆ ಒರಗಿ ಒಂದು ಕೈ ಹಿಂದೆ ಸೈಲೆನ್ಸರಿಗೆ ಚಾಚಿ, ಇನ್ನೊಂದರಿಂದ ಬ್ರೇಕು ಹಿಡಿದು ಸ್ಟಾರ್ಟರ್ ಒತ್ತಿದೆ. ಉಸಿರೇ ಇಲ್ಲ. ಬಗ್ಗಿ ನೋಡಿದರೆ ಸೈಲೆನ್ಸರಿನ ಬಾಯಿಯಲ್ಲಿ ಗುಲಾಬಿಯ ದೊಡ್ಡ ಗುಚ್ಛ! ಹಿಡಿದು ಎಳೆದೆ. ಹೂವಿನ ಹಿಂದೆ ಗೇಣುದ್ದದ ಹಸಿರು ಸ್ಪಂಜು ನೀರು ಸುರಿಸುತ್ತ ಹೊರಬಂತು.

ಡೆಕೊರೇಷನ್ನಿನವನು ಓಡಿ ಬಂದ. "ಅರೆ ಚಾಚಾ, ಪೂರಾ ಬಿಗಾಡ್ ದಿಯಾ, ನನ್ನ ಅಲಂಕಾರ ಕೆಡಿಸಿಬಿಟ್ಟೆ! ಹೂ ಬಾಡಬಾರದು ಅಂತ ಸ್ಪಂಜ್ ತುರುಕಿದ್ದೆ. ತೂತು ಖಾಲಿ ಇತ್ತಲ್ಲ!"

ಬ್ರೇಕು ಹಿಡಿದು ಗುಂಡಿ ಒತ್ತಿದೆ. ಗಾಡಿ ಗುಡುಗಿತು. ಒಳಗೆ ಉಳಿದ ನೀರು, ಮಸಿ, ಎಸಳು ಎಲ್ಲ ಅವನ ಪ್ಯಾಂಟಿನ ಮೇಲೆ ಹಾರಿದವು. ನ್ಯಾಯ ಅಲ್ಲಿಗೇ ಮುಗಿಯಿತು.

ಆದರೆ ಕೂರುವವರು? ಪಕ್ಕದಲ್ಲಿ ನಿಂತಿದ್ದ ಕಾರಿನ ಗಾಜು ಇಳಿಯಿತು. ಒಳಗೆ ಮದುಮಗನ ಅಜ್ಜಿ, ಎಂಬತ್ತು ದಾಟಿದವರು. ಅವರಿಗೆ ವ್ಹೀಲ್‌ಚೇರ್ ತರಲು ಹೊರಟಿದ್ದವರು ಗಾಡಿ ವಾಲಿಸುವುದರಲ್ಲಿ ಸೇರಿಕೊಂಡು ಅದನ್ನು ಮರೆತೇಬಿಟ್ಟಿದ್ದರು.

"ಗಂಡಸರೆಲ್ಲ ಆ ಗಾಡಿಯ ಬೆನ್ನಿಗೆ ಬಿದ್ದದ್ದು. ನನ್ನನ್ನು ಕೇಳುವವರು ಯಾರೂ ಇಲ್ಲ," ಎಂದರು ಅಜ್ಜಿ. "ಅದು ಈಗ ಹೋಗ್ತದಾ? ಹಾಗಾದರೆ ನನ್ನನ್ನೇ ಕೂರಿಸು ಮಾರಾಯ. ಮೊಮ್ಮಗನ ಮದುವೆ ನೋಡುವುದು ಬೇಡವಾ?"

ಕಾರಿನ ಡ್ರೈವರು ಮತ್ತು ಡೆಕೊರೇಷನ್ನಿನವನು ಅವರನ್ನು ಎತ್ತಿ ಹಿಂದೆ ಕೂರಿಸಿದರು. ಅಜ್ಜಿ ನನ್ನ ಸೊಂಟ ಭದ್ರವಾಗಿ ಹಿಡಿದು, "ನಿಧಾನ, ನಿಧಾನ," ಎಂದರು. ಇಪ್ಪತ್ತು ಹೆಜ್ಜೆ ಹೋದ ಮೇಲೆ, "ಇದು ಇಷ್ಟೇ ಹೋಗುವುದಾ?" ಎಂದರು. ಸ್ವಲ್ಪ ಜೋರಾಗಿಯೇ ಓಡಿಸಿದೆ.

ಬ್ಯಾಂಡಿನವರಿಗೆ ಹೇಳಿದ್ದು ಒಂದೇ: ಹೂವಿನ ಗಾಡಿ ಬಂದರೆ ಬಾರಿಸಬೇಕು. ಗಾಡಿ ಬಂತು, ಬಾರಿಸಿದರು. ಒಳಗೆ ಮಂಗಳಾಷ್ಟಕ ನಡೆದಿತ್ತು. ಹಠಾತ್ತನೆ ವಾದ್ಯ ಕೇಳಿದ ಜನ ಗಟ್ಟಿಮೇಳವೇ ಆಯಿತೆಂದುಕೊಂಡು ಕೈಯಲ್ಲಿದ್ದ ಅಕ್ಷತೆಯನ್ನು ಎರಚಿದರು. ಹಿಂದಿನ ಸಾಲಿನವರು ತಿರುಗಿ ನೋಡಿ, ಬಾಗಿಲಲ್ಲಿ ಹೂವಿನ ಮಧ್ಯೆ ಕೂತಿದ್ದ ನಮ್ಮಿಬ್ಬರ ಮೇಲೆಯೇ ಎರಚಿದರು.

"ನಿಲ್ಲಿಸಿ! ಇನ್ನೂ ತಾಳಿ ಕಟ್ಟಿಲ್ಲ!" ಎಂದು ಪುರೋಹಿತರು ಕಿರುಚಿದರು.

ಅಜ್ಜಿ ಅಕ್ಷತೆ ಝಾಡಿಸಿಕೊಳ್ಳುತ್ತ ನನ್ನ ಕಿವಿಯಲ್ಲಿ, "ನಮ್ಮಿಬ್ಬರ ಮದುವೆ ಲೆಕ್ಕಕ್ಕಿಲ್ಲವಂತೆ," ಎಂದರು. ಅಂತರಪಟದ ಆಚೆ ಮದುಮಗಳು ತಲೆ ತಗ್ಗಿಸಿಯೇ ಇದ್ದಳು, ಆದರೆ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಆಮೇಲೆ ನೋಡಿದರೆ, ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಡುಗೆಮನೆಯಿಂದ ಅಕ್ಕಿ ತಂದು, ಅರಿಶಿನ ಕಲಸಿ ಮತ್ತೆ ಹಂಚಿದ ಮೇಲೆ ನಿಜವಾದ ಗಟ್ಟಿಮೇಳವಾಯಿತು.

ಊಟದ ಹೊತ್ತಿಗೆ ಬೀಗರು ನನ್ನ ಪಕ್ಕದ ಎಲೆಗೆ ಬಂದು ಕೂತರು. ಇಷ್ಟೆಲ್ಲ ಆಗಿದ್ದಕ್ಕೆ ಏನಾದರೂ ಅಂದಾರೆಂದು ಹೆದರಿ ತಲೆ ಎತ್ತಲಿಲ್ಲ. ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, ಸ್ವಲ್ಪ ಹತ್ತಿರ ಸರಿದರು.

"ಅಲ್ಲ ಮಾರಾಯ್ರೆ, ನಮ್ಮ ಹೊಟೇಲಿನ ಹಿಟ್ಟು ರುಬ್ಬುವ ಗ್ರೈಂಡರು ನಾಲ್ಕು ದಿನದಿಂದ ಎಂತದೋ ಸದ್ದು ಮಾಡ್ತದೆ. ಊಟ ಆದ ಮೇಲೆ ಒಮ್ಮೆ ನೋಡ್ತೀರಾ?"

"ಅದಕ್ಕೇನ್ರೀ, ನೋಡೋಣು," ಎಂದು ಪಾನಾ ಎಲ್ಲಿಟ್ಟೆನೆಂದು ಹುಡುಕತೊಡಗಿದೆ.