ಹೊಸಿಲು ದಾಟದ ಜ್ವರ

ನಮ್ಮತ್ತೆ ಚಿಕ್ಕಮುನಿಯಮ್ಮನ ಬಾಯಿಗೆ ದಾಸರಹಳ್ಳಿಯಲ್ಲಿ ಹೆದರದವರಿರಲಿಲ್ಲ. ಮನೆ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಶೀಟಿನ ಮನೆ ಕಟ್ಟಿಸಿ ಪೀಣ್ಯದ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿದ್ದರು. ಯಾರನ್ನಾದರೂ ಬೈಯದೆ ಅವರ ದಿನ ಶುರುವಾಗುತ್ತಿರಲಿಲ್ಲ. ಎಂಬತ್ತಮೂರರ ಚಳಿಗಾಲದಲ್ಲಿ, ನನ್ನ ಮಗಳ ತೊಟ್ಟಿಲ ಶಾಸ್ತ್ರದ ದಿನ ಅವರು ಮಾಡಿದ್ದನ್ನು ಜನ ಇನ್ನೂ ಕೊಂಕು ತೆಗೆದೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ನಡೆದದ್ದನ್ನು ನಾನೇ ಹೇಳುತ್ತೇನೆ.

ನನಗೆ ತಾಯಿಯಿಲ್ಲ, ಬಾಣಂತನ ಅತ್ತೆಯದೇ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಎತ್ತಿಕೊಂಡರೆ ಕೈಗೆ ಭಾರವೇ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಅತ್ತೆಯನ್ನು ಪಕ್ಕಕ್ಕೆ ಕರೆದರು.

"ಊರ ತುಂಬಾ ಫ್ಲೂ ಜ್ವರ ಇದೆ ಕಣಮ್ಮ. ನೆಗಡಿ ಮೆಲ್ಲಗೆ ಬರುತ್ತೆ. ಇದು ಬೆಳಿಗ್ಗೆ ಚೆನ್ನಾಗಿದ್ದೋರನ್ನ ಮಧ್ಯಾಹ್ನಕ್ಕೆ ಮಲಗಿಸಿಬಿಡುತ್ತೆ. ಚಳಿ, ಮೈಕೈ ನೋವು, ಒಣಕೆಮ್ಮು, ಸುಡೋ ಜ್ವರ. ಅಂಥೋರು ಮಗು ಹತ್ರ ಬರಕೂಡದು. ಈ ಮಗೂಗೆ ಬಂದ್ರೆ ಉಳಿಸ್ಕೊಳ್ಳೋದು ಕಷ್ಟ."

ಅವತ್ತಿನಿಂದ ಅತ್ತೆ ಹೊಸಿಲಲ್ಲೇ ಕೂತರು. ಸೋಪು ಹಾಕಿ ಕೈ ತೊಳೆಯದೆ ನಮ್ಮ ಯಜಮಾನರೂ ಒಳಗೆ ಬರುವಂತಿರಲಿಲ್ಲ.

ಆದರೆ ಜ್ವರ ನಮ್ಮ ಹಿತ್ತಲಲ್ಲೇ ಇತ್ತು. ಬಾಡಿಗೆಯವರದು ಪಾಳಿ ಕೆಲಸ. ಒಬ್ಬ ಎದ್ದು ಕಾರ್ಖಾನೆಗೆ ಹೋದರೆ, ಪಾಳಿ ಮುಗಿಸಿ ಬಂದವನು ಅದೇ ಚಾಪೆಯಲ್ಲಿ, ಅದೇ ಕಂಬಳಿ ಹೊದ್ದು ಮಲಗುತ್ತಿದ್ದ. ಆ ಹಾಸಿಗೆ ತಣ್ಣಗಾಗುವುದೇ ಇರಲಿಲ್ಲ. ಲೇತ್ ಕೆಲಸದ ರಾಮಾಂಜಿನಪ್ಪ ಒಂದು ಮಧ್ಯಾಹ್ನ ನಡುಗುತ್ತಾ ಬಂದು ಬಿದ್ದ. ಅವನ ಮುಖಕ್ಕೆ ಮುಖ ಕೊಟ್ಟು, ಅವನದೇ ಕಂಬಳಿಯ ತುದಿ ಎಳೆದುಕೊಂಡು ಇನ್ನೊಬ್ಬ ಮಲಗಿದ.

"ಉಷ್ಣ ಆಗೈತೆ ಕಣಮ್ಮ, ಎಳನೀರು ಕುಡುದ್ರೆ ಓಯ್ತದೆ" ಅಂದರು ಬಾಡಿಗೆಯವರು. ಹೋಗಲಿಲ್ಲ. ಶೀಟಿನ ಮನೆಯೆಲ್ಲ ಕೆಮ್ಮತೊಡಗಿತು.

ಅತ್ತೆ ಕಂಬಳಿಗಳನ್ನು ಎಳೆದು ಬಿಸಿಲಿಗೆ ಎಸೆದರು. ಗೋಣಿತಾಟು, ಹಳೇ ಸೀರೆ ಕೊಟ್ಟು ಒಬ್ಬೊಬ್ಬರಿಗೂ ಬೇರೆ ಹಾಸಿಗೆ ಮಾಡಿಸಿದರು. "ಜ್ವರ ಇಟ್ಕೊಂಡು ಕೆಲ್ಸಕ್ಕೆ ಓದ್ರೆ ಕಾಲು ಮುರೀತೀನಿ. ಕೆಮ್ಮೋವಾಗ ಬಾಯಿಗೆ ಟವಲ್ ಇಟ್ಕಳ್ರೋ" ಎಂದು ಬೈಯುತ್ತಲೇ ಬಾಗಿಲಲ್ಲಿ ಗಂಜಿ ಇಟ್ಟು ಬರುತ್ತಿದ್ದರು. ಒಂದು ಸಂಜೆ ರಾಮಾಂಜಿನಪ್ಪನಿಗೆ ಏಳಲೂ ಆಗಲಿಲ್ಲ. ಒಳಗೆ ಹೋಗಿ, ತಲೆ ಎತ್ತಿ ಹಿಡಿದು ಕುಡಿಸಿದರು. ಬಂದು ತಲೆಗೆ ನೀರು ಹಾಕಿಕೊಂಡರೂ ಅಂದಿನಿಂದ ಮಗುವನ್ನು ಮುಟ್ಟಲಿಲ್ಲ. ಮಗುವಿಗೆ ನೀರು ಹಾಕುವುದಕ್ಕೆ ಸೂಲಗಿತ್ತಿಯನ್ನೇ ಕರೆಸಿದರು.

ತೊಟ್ಟಿಲ ದಿನ ಬೆಳ್ಳಂದೂರಿನಿಂದ ಅತ್ತೆಯ ಅಣ್ಣ ದೊಡ್ಡಮುನಿಯಪ್ಪ ಬಂದರು. ಮನೆಯಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಮೊದಲು ಬೆಳ್ಳಿ ಉಡಿದಾರ ಕಟ್ಟುವವರು ಅವರೇ. ಕಣ್ಣು ಕೆಂಪಾಗಿತ್ತು, ಶಾಲು ಹೊದ್ದರೂ ನಡುಗುತ್ತಿದ್ದರು. ಅತ್ತೆ ಬಾಗಿಲಿಗೆ ಅಡ್ಡ ಕೈ ಇಟ್ಟರು.

"ಒಳಕ್ಕೆ ಬರಬ್ಯಾಡ ಅಣ್ಣ. ಕೆಮ್ತಾ ಇದ್ದೀಯ."

"ಬರೀ ನೆಗಡಿ ಕಣೆ. ಬೆಳಿಗ್ಗೆ ಚೆನ್ನಾಗೇ ಇದ್ದೆ, ಬಸ್ಸಲ್ಲಿ ಗಾಳಿ ಬಡೀತು."

"ಬೆಳಿಗ್ಗೆ ಚೆನ್ನಾಗಿದ್ದೆ ಅಂತ ನೀನೇ ಏಳ್ತಿದ್ದೀಯಲ್ಲ. ಇದು ನೆಗಡಿ ಅಲ್ಲ. ವಾಸಿಯಾದ ಮೇಲೆ ಬಾ."

"ತವರಿನೋನ್ನ ಬಾಗ್ಲಲ್ಲಿ ನಿಲ್ಲಿಸ್ತೀಯಾ?"

"ನಿಲ್ಲಿಸ್ತೀನಿ."

ನೆರೆದಿದ್ದ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗು ಹೋಗಿದ್ದರೆ ಇದೇ ಹೆಂಗಸರು ಬಂದು ಅತ್ತು, ಹಣೆಬರಹ ಎಂದು ಕಾಫಿ ಕುಡಿದು ಹೋಗುತ್ತಿದ್ದರು. ದೊಡ್ಡಮುನಿಯಪ್ಪ ಎದುರು ಮನೆಯ ಜಗಲಿಗೆ ಹೋಗಿ ನಮ್ಮ ಕಡೆ ಬೆನ್ನು ಹಾಕಿ ಕೂತರು.

ಮಧ್ಯಾಹ್ನ, ಇನ್ನೇನು ಹೆಸರಿಡಬೇಕು, ಅಡುಗೆಮನೆಯಲ್ಲಿ ಅತ್ತೆಯ ಕೈಯ ಸೌಟು ಗಡಗಡ ಅಲುಗುವುದು ಕಂಡಿತು. ಕಂಬ ಹಿಡಿದು ನಿಂತರು. ಒಮ್ಮೆ ಕೆಮ್ಮಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಅವರಿಗೂ ಗೊತ್ತಾಯಿತು, ನನಗೂ.

"ಒಲೆ ಮುಂದೆ ನಿಂತು ಸುಸ್ತಾಗೈತೆ ಕಣಮ್ಮ" ಅಂದರು ನಮ್ಮ ಯಜಮಾನರು. "ಮಗೂಗೆ ಎಸರು ಇಡೋಗಂಟ ಇದ್ದುಬಿಡು. ಯಾರಿಗೂ ಗೊತ್ತಾಗಲ್ಲ."

ಅತ್ತೆ ಮಗನ ಕಡೆ ತಿರುಗಿದ ನೋಟ ನನಗೆ ಮರೆಯುವುದಿಲ್ಲ. "ನಮ್ಮಣ್ಣನಿಗೊಂದು ನ್ಯಾಯ, ನಂಗೊಂದೇನ್ಲಾ?"

ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ತೊಟ್ಟಿಲಿನಿಂದ ದೂರವಾಗಿ ಗೋಡೆ ಬದಿಯಲ್ಲೇ ನಡೆದು ಹೊರಗೆ ಹೋದರು. ಮಗುವಿನ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಎದುರು ಜಗಲಿಯಿಂದ ಅಣ್ಣನ ದನಿ ಕೇಳಿಸಿತು.

"ನಿನ್ನ ಯಾರೇ ಈಚೆಗೆ ಆಕಿದ್ದು?"

"ನಾನೇ ಆಕ್ಕೊಂಡೆ."

ಅವರು ಜಗಲಿಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಇಬ್ಬರದೂ ಒಂದೇ ಜ್ವರ, ಇನ್ನು ಅಂಟುವುದಕ್ಕೆ ಏನಿತ್ತು.

ಮಗುವಿಗೆ ಏನೂ ಆಗಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ಅಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿದ ಗಯ್ಯಾಳಿ ಅನ್ನುತ್ತಾರೆ.

ಅವತ್ತು ಒಳಗೆ ನಮ್ಮ ನಾದಿನಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಹೋದಳು. ಆಗ ಬೀದಿಯಿಂದ ಅತ್ತೆಯ ದನಿ ಬಂತು, ಅರ್ಧ ಒಡೆದಿತ್ತು. "ಬಾಯಿಗೆ ಸೆರಗಿಟ್ಕೊಂಡು ಎಸರು ಏಳೇ."

ಹೆಂಗಸರು ಕಿಸಕ್ಕೆಂದು ನಕ್ಕರು. ಬಾಣಂತಿ ದನಿ ಎತ್ತಬಾರದು ಎಂದು ಯಾರೋ ನನ್ನ ರಟ್ಟೆ ಹಿಡಿದರು. ಕೊಸರಿಕೊಂಡು ಕಿಟಕಿಯ ಹತ್ತಿರ ಹೋಗಿ, ಎದುರು ಜಗಲಿಗೆ ಕೇಳುವಂತೆ ಮಗಳ ಹೆಸರು ಕೂಗಿ ಹೇಳಿದೆ.